ಹತ್ತು ಹೆಜ್ಜೆಗೆ ಒಂದು ಅಂಗುಲ

ಆ ಬಟ್ಟೆಗೆ ನಾನು ಆಗ ಕತ್ತರಿ ಹಾಕಲಿಲ್ಲ. ಅಲ್ಲಿಂದಲೇ ಶುರುಮಾಡುತ್ತೇನೆ.

ಯುದ್ಧ ಮುಗಿದು ಹದಿಮೂರು ವರ್ಷವಾಗಿತ್ತು. ಶಿಕಾರಿಪುರದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಒಂದು ಬೆಳಿಗ್ಗೆ, ಬರ್ಮಾದಲ್ಲಿ ನನ್ನ ಜೊತೆಗಿದ್ದ ಗೆಳೆಯನ ತಾಯಿ ಮೆಟ್ಟಿಲು ಹತ್ತಿ ಬಂದರು. ಸೊರಬದಾಚೆಯ ಹಳ್ಳಿಯವರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಚೀಲದಿಂದ ಎರಡೂವರೆ ಗಜ ಬಿಳಿ ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು.

"ಅಂಗಿ ಹೊಲಿ ತಮ್ಮಾ."

"ಯಾರಿಗವ್ವಾ?"

"ಯಾರಿಗೆ ಅಂದ್ರೆ? ಅವನಿಗೇ. ಅವನ ಅಳತೆ ನಿನಗೆ ಗೊತ್ತೈತಲ್ಲ. ಬಂದಾಗ ಹಾಕ್ಕಳಾಕೆ ಒಂದು ಹೊಸದು ಬ್ಯಾಡವಾ?"

ಅವನು ತೀರಿಹೋದನೆಂದು ಸರ್ಕಾರದ ಕಾಗದ ಬಂದಿದೆಯಲ್ಲ ಎಂದೆ. ಅವರು ನಕ್ಕರು.

"ಪಹಣಿನಾಗೆ ನಮ್ಮ ಮಾವ ಇನ್ನೂ ಗದ್ದೆ ಉಳ್ತಾ ಅದಾರೆ. ಅವರು ಸತ್ತು ಮೂವತ್ತು ವರ್ಷ ಆತು. ನಮ್ಮೂರ ಶಾನುಭೋಗ್ರ ಕಾಗದಾನೇ ಹಂಗಾದ್ರೆ ಎಲ್ಲೋ ಇರೋ ಮಿಲ್ಟ್ರಿ ಕಾಗದ ಹೆಂಗ್ ನಂಬ್ಲಿ? ಕಂಡೋರು ಒಬ್ರು ಹೇಳ್ಲಿ, ನಂಬ್ತೀನಿ. ನೀನೂ ಕಾಣ್ಲಿಲ್ಲ ಅಂದ್ಯಲ್ಲ."

ಕಂಡವನು ನಾನೊಬ್ಬನೇ.

ಯುದ್ಧದಿಂದ ಬಂದ ವರ್ಷವೇ ಅವರ ಮನೆಗೆ ಹೋಗಿದ್ದೆ. ಜೇಬಿನಲ್ಲಿ ಅವನ ಕೊರಳಿಂದ ಬಿಚ್ಚಿ ತಂದ ಲಿಂಗವಿತ್ತು. ಅವರು ಲಿಂಗವಂತರು. ನಾವು ಬೇರೆ ಜನ, ಸತ್ತವರನ್ನು ಸುಡುತ್ತೇವೆ. ಅದಕ್ಕೆ ಮೊದಲು ಮೈಮೇಲಿನದನ್ನು ಬಿಚ್ಚಿ ಮನೆಯವರ ಕೈಗೆ ಕೊಡುತ್ತೇವೆ. ಅದೇ ರೂಢಿಯಲ್ಲಿ ಇದನ್ನೂ ತಂದಿದ್ದೆ. ಅಂದು ಅವರ ಜಗಲಿಯಲ್ಲಿ ನೆರೆಮನೆಯ ಮುದುಕರೊಬ್ಬರು ಬೇರೆ ಯಾರದೋ ಸಾವಿನ ಮಾತಾಡುತ್ತಿದ್ದರು. "ಕೂರ್ಸಿ, ಎಡಗೈನಾಗೆ ಲಿಂಗ ಇಟ್ಟು ಕೊಟ್ರೆ ಅದು ಮಣ್ಣು ಕೊಟ್ಟಿದ್ದು. ಇಲ್ಲಾಂದ್ರೆ ಹೂತಿದ್ದು, ಅಷ್ಟೆ." ಜೇಬಿಗೆ ಹೋಗುತ್ತಿದ್ದ ನನ್ನ ಕೈ ನಿಂತಿತು. ಕಂಡೆಯಾ ಎಂದು ತಾಯಿ ಕೇಳಿದಾಗ "ನಾನು ಅಲ್ಲಿರ್ಲಿಲ್ಲ ಅವ್ವಾ" ಎಂದುಬಿಟ್ಟೆ. ಗುಂಡು ಬಿದ್ದ ಗಳಿಗೆಯಲ್ಲಿ ನಾನು ಹೊಳೆಗೆ ನೀರು ತರಲು ಹೋಗಿದ್ದೆ. ಹಾಗಾಗಿ ಮಾತು ಪೂರ್ತಿ ಸುಳ್ಳಲ್ಲ. ಆ ಮಾತಿನ ಮೇಲೆ ಅವರು ಹದಿಮೂರು ವರ್ಷ ದಾರಿ ನೋಡಿದ್ದರು.

ಅಮಾವಾಸ್ಯೆಗೆ ನಾನೇ ತಂದುಕೊಡುತ್ತೇನೆ ಎಂದು ಹೇಳಿ ಅವರನ್ನು ಬಸ್ಸು ಹತ್ತಿಸಿದೆ. ಅಂಗಡಿಗೆ ಬಂದು ಬಟ್ಟೆ ಹಾಸಿದೆ, ಸುಣ್ಣದ ಕಡ್ಡಿ ಹಿಡಿದೆ. ಒಂದು ಗೆರೆಯನ್ನೂ ಎಳೆಯಲಿಲ್ಲ. ಬಟ್ಟೆ ಮಡಿಚಿಟ್ಟೆ.

ಈ ಸಲ ಹೇಳಲೇಬೇಕು ಎಂದುಕೊಂಡೆ. ಆದರೆ ಬಾಯಿಗೆ ಬಿಟ್ಟರೆ ನನ್ನ ಮಾತು ಹೊಳೆಯ ಹತ್ತಿರ ನಿಂತುಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಹೆಂಡತಿಗೆ ಹೇಳಹೊರಟಾಗಲೂ ಅಲ್ಲೇ ನಿಂತಿತ್ತು. ಗಿರಾಕಿಗೆ ಬಾಯಲ್ಲಿ ಹೇಳಿ ತಿಳಿಯದ್ದನ್ನು ಕಾಗದ ಕತ್ತರಿಸಿ ತೋರಿಸುವುದು ನಮ್ಮ ಕಸುಬು. ಅವನು ಸತ್ತ ಜಾಗವನ್ನೇ ಪುಟ್ಟದಾಗಿ ಮಾಡಿ ಮುಂದಿಡಬೇಕು. ಎದುರಿಗೆ ಇದ್ದರೆ ನಾನು ಅದನ್ನು ದಾಟಿ ಹೋಗುವಂತಿಲ್ಲ.

ಮನೆಯಲ್ಲಿ ಅಂಚು ಬಿಟ್ಟ ಹಳೇ ಮೊರವೊಂದಿತ್ತು. ಅದರ ಮೇಲೆ ಮಾಡಿದೆ. ಹತ್ತು ಹೆಜ್ಜೆಗೆ ಒಂದು ಅಂಗುಲ ಎಂದು ಲೆಕ್ಕವಿಟ್ಟುಕೊಂಡೆ. ನಾವಿಬ್ಬರೂ ಬಂದೂಕು ಹಿಡಿದು ಅಡಗಿ ಕೂರುತ್ತಿದ್ದ ಗುಂಡಿಯಿಂದ ನೀರಿಗೆ ತೊಂಬತ್ತು ಹೆಜ್ಜೆ, ಒಡೆದ ಪಗೋಡಕ್ಕೆ ನಲವತ್ತು. ಹೆದರಿಕೆಯಾದಾಗ ಎಣಿಸುವುದು ನನ್ನ ಚಾಳಿ, ಆದ್ದರಿಂದ ಲೆಕ್ಕ ತಲೆಯಲ್ಲಿ ಉಳಿದಿತ್ತು. ಆದರೂ ನಂಬಲಿಲ್ಲ. ಎರಡು ತಂಬಿಗೆ ಹಿಡಿದು ಕೆರೆ ಏರಿಯಿಂದ ನೀರಿನವರೆಗೆ ನಡೆದು ನೋಡಿದೆ. ಅಂದು ಸದ್ದು ಕೇಳಿದಾಗ ಒಂದು ಬಾಟ್ಲಿ ತುಂಬಿ, ಇನ್ನೊಂದು ಅರ್ಧವಾಗಿತ್ತು. ಅಷ್ಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ನೋಡಿದೆ.

ನಮ್ಮ ಗುಂಡಿಗಳಿದ್ದ ದಿಬ್ಬವನ್ನು ಬರೀ ಮಣ್ಣಿನಿಂದ ಕಟ್ಟಿದೆ. ಒಣಗಿ ಬಿರಿಯಿತು. ಮತ್ತೆ ಕಟ್ಟಿದೆ, ಮತ್ತೆ ಬಿರಿಯಿತು. ಎರಡು ದಿನ ನೋಡುತ್ತಿದ್ದ ಹೆಂಡತಿ ಕೊನೆಗೆ ಹೇಳಿದಳು:

"ಮೊರಕ್ಕೆ ಮೆತ್ತೋದು ಗೊತ್ತಿಲ್ವೇನ್ರೀ ನಿಮಗೆ? ಕಾಗದ ನೆನೆಹಾಕಿ ಮೆಂತ್ಯದ ಜೋಡಿ ರುಬ್ಬಬೇಕು."

"ರುಬ್ಬಿಕೊಡು ಹಂಗಾದ್ರೆ."

"ರುಬ್ತೀನಿ. ಮನೇಲಿರೋ ಮೆಂತ್ಯ ಎಲ್ಲಾ ಬರ್ಮಾಕ್ಕೇ ಹೋಗ್ಲಿ."

ಅವಳು ರುಬ್ಬಿದ್ದು ಬಿರಿಯಲಿಲ್ಲ. ದಿಬ್ಬ ನಿಂತಿತು. ಅದರ ಮೇಲೆ ಜರಡಿ ಹಿಡಿದ ಕೆಮ್ಮಣ್ಣು ಉದುರಿಸಿದೆ. ಹೊಳೆಗೆ ಮೊದಲು ಒಡೆದ ಕನ್ನಡಿ ಇಟ್ಟೆ, ತೆಗೆದೆ. ಆ ಹೊಳೆ ಹೊಳೆಯುತ್ತಿರಲಿಲ್ಲ, ಕೆಸರು ನೀರು. ರಾಗಿ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ ಹುಯ್ದೆ. ಒಣಗಿದಾಗ ಅದೇ ಬಣ್ಣ ಬಂತು. ಮೊರದ ಬಾಯಿಯ ಕಡೆಗೆ ಹೊಳೆ ಹರಿದುಹೋಗುವಂತೆ ಬಿಟ್ಟೆ. ಪಗೋಡಕ್ಕೆ ಅಟ್ಟದ ಮೇಲಿದ್ದ ಹಳೇ ಬುಗುರಿ. ತಲೆಕೆಳಗು ಮಾಡಿ ನೆಟ್ಟರೆ ಮೊಳೆಯೇ ಕಳಸ. ಅಲ್ಲಿಗೆ ನಾವು ಮೊದಲು ತಲುಪಿದ ದಿನ ಅವನು ಆ ಒಡೆದ ಗುಡಿಯನ್ನು ನೋಡಿ "ನಿಮ್ಮ ಬಂದಳಿಕೆ ಇಲ್ಲಿಗೂ ಬಂದೈತಲ್ಲೋ" ಎಂದಿದ್ದ; ಬಂದಳಿಕೆ ನಮ್ಮ ತಾಲ್ಲೂಕಿನ ಪಾಳು ಗುಡಿಗಳ ಊರು. ಬುಗುರಿಯ ಒಂದು ಮಗ್ಗುಲನ್ನು ಉಳಿಯಿಂದ ಕೆತ್ತಿ ಒಡೆದೆ.

ಮರಗಳಿಗೆಲ್ಲ ಸುಟ್ಟ ಬೆಂಕಿಕಡ್ಡಿ ನೆಟ್ಟಿದ್ದೆ. ಹೆಂಡತಿ ಬಗ್ಗಿ ನೋಡಿ, "ಒಂದು ಎಲೆನೂ ಇರ್ಲಿಲ್ವಾ ಅಲ್ಲಿ?" ಎಂದಳು. ಕೂತು ಯೋಚಿಸಿದೆ. ಇದ್ದವು. ಆಚೆ ದಡದಲ್ಲಿ ಹಸಿರಿತ್ತು, ನಾನು ಬಾಟ್ಲಿ ತುಂಬುವಾಗ ಅದನ್ನೇ ನೋಡುತ್ತಿದ್ದೆ. ಒಣಗಿದ ಹೀರೆಕಾಯಿಯ ನಾರನ್ನು ಅರಿಶಿನದಲ್ಲೂ ಬಟ್ಟೆಯ ನೀಲಿಯಲ್ಲೂ ಅದ್ದಿ ಹಸಿರು ಮಾಡಿ ಆಚೆ ದಡಕ್ಕೆ ಅಂಟಿಸಿದೆ.

ಗುಂಡಿಗಳನ್ನು ಗೋಣಿ ಹೊಲಿಯುವ ದಬ್ಬಳದಿಂದ ಚುಚ್ಚಿದೆ. ಹದಿನಾಲ್ಕು. ನನ್ನ ಅಳತೆಯಲ್ಲಿ ಒಬ್ಬ ಮನುಷ್ಯ ಒಂದು ಭತ್ತದ ಕಾಳಿನಷ್ಟು. ಒಂದೊಂದು ಗುಂಡಿಗೆ ಎರಡೆರಡು ಕಾಳು ನಿಲ್ಲಿಸಿದೆ. ಎಡದಿಂದ ಮೂರನೆಯದು ನಮ್ಮದು, ಅದನ್ನು ಖಾಲಿ ಬಿಟ್ಟೆ. ನನ್ನ ಕಾಳನ್ನು ಹೊಳೆಯ ಅಂಚಿಗೆ ಇಟ್ಟೆ. ಅಲ್ಲಿ ಇಡುವುದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ಅಮಾವಾಸ್ಯೆಯ ದಿನ ಮೊರದ ಮೇಲೆ ಅವರ ಬಿಳಿ ಬಟ್ಟೆ ಹೊದಿಸಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಲಿಂಗ ಜೇಬಿನಲ್ಲಿತ್ತು.

"ಏನ್ರೀ ಅದು, ಹಪ್ಪಳಾನಾ?" ಎಂದ ಕಂಡಕ್ಟರ್.

"ಬರ್ಮಾ," ಎಂದೆ. ಬೇರೆ ಹೇಳಲು ತೋಚಲಿಲ್ಲ.

"ಈ ಬಸ್ಸು ಸೊರಬಕ್ಕಷ್ಟೇ ಹೋಗೋದು, ನೋಡ್ಕಳ್ರೀ," ಎಂದು ಮುಂದೆ ಹೋದ.

ತಾಯಿ ಜಗಲಿಯಲ್ಲೇ ಇದ್ದರು. "ಇದೇನು ತಮ್ಮಾ, ಮೊರದಾಗೆ ಕೂಸು ಮಲಗಿಸ್ಕಂಡ್ ಬಂದಂಗೆ ಬಂದೀಯಲ್ಲ," ಎಂದರು. ಮೊರವನ್ನು ಅವರ ಮುಂದಿಟ್ಟು ಬಟ್ಟೆ ತೆಗೆದೆ. ಅವರು ಬಗ್ಗಿ ನೋಡಿದರು.

"ಇದು ಹೊಳೆ. ಇದು ಒಡೆದ ಗುಡಿ. ಈ ಕಾಳು ನಾನು, ನೀರಿಗೆ ಬಂದಿದ್ದೆ," ಎಂದೆ. ಬೆರಳನ್ನು ಹೊಳೆಯಿಂದ ಎತ್ತಲಿಲ್ಲ, ದಿಬ್ಬದ ಮೇಲೆ ಎಳೆದುಕೊಂಡು ಹೋದೆ. ಒಂಬತ್ತು ಅಂಗುಲ. "ಸದ್ದು ಕೇಳಿ ಓಡಿದೆ. ಇಲ್ಲಿಗೆ ಬಂದೆ. ಇದು ನಮ್ಮಿಬ್ಬರ ಗುಂಡಿ. ಅವನು ಇದರಾಗೆ ಹೋಗಿದ್ದ ಅವ್ವಾ. ನಾನು ಕಂಡೆ."

ಅವರು ಅಳಲಿಲ್ಲ. ಖಾಲಿ ಗುಂಡಿಯನ್ನೇ ನೋಡುತ್ತಿದ್ದರು.

"ಹದಿಮೂರು ವರ್ಷ ನಾನು ಬಾಗಿಲಿಗೆ ಅಗುಳಿ ಹಾಕಿಲ್ಲ," ಎಂದರು. ಆಮೇಲೆ, "ಎಲ್ಲಿ ಮಲಗಿಸಿದ್ರಿ?"

"ಮಲಗಿಸ್ಲಿಲ್ಲ. ಹಿಂದಕ್ಕೆ ಸರೀಬೇಕು ಅಂತ ಹುಕುಂ ಬಂತು. ಬೇರೆ ಗುಂಡಿ ತೋಡಾಕೆ ಹೊತ್ತಿರ್ಲಿಲ್ಲ. ಇದರಾಗೇ ಮಣ್ಣು ಎಳೆದೆ. ಗುಂಡಿ ಕಿರಿದು ಅವ್ವಾ, ಗೋಡೆಗೆ ಒರಗಿ ಹೆಂಗಿದ್ನೋ ಹಂಗೇ."

ಇಷ್ಟು ವರ್ಷ ನನಗೆ ಅದೂ ಒಂದು ನಾಚಿಕೆಯಾಗಿತ್ತು. ಗೆಳೆಯನಿಗೆ ಕಾಲು ಚಾಚುವಷ್ಟು ಜಾಗ ಕೊಡಲಾಗಲಿಲ್ಲ ಎಂದು.

ಅವರು ತಲೆ ಎತ್ತಿದರು. "ಹಂಗೇ ಅಂದ್ರೆ? ಕೂತಿದ್ನಾ?"

"ಕೂತಿದ್ದ."

"ಮಂಡಿ?"

"ಮಡಿಚಿದ್ದ."

"ಎಡಗೈ?"

"ತೊಡೆ ಮ್ಯಾಲಿತ್ತು."

"ಅಂಗೈ ಮ್ಯಾಲಾಗಿತ್ತಾ, ಕೆಳಗಾಗಿತ್ತಾ?"

ಮೇಲಾಗಿತ್ತು ಎಂದುಬಿಡಬಹುದಿತ್ತು. ಯಾರೂ ಹೋಗಿ ನೋಡುವಂತಿರಲಿಲ್ಲ. "ಅದು ನಾನು ನೋಡ್ಲಿಲ್ಲ ಅವ್ವಾ," ಎಂದೆ. ಜೇಬಿನಿಂದ ಲಿಂಗ ತೆಗೆದು ಎರಡು ಕೈಯಲ್ಲೂ ಹಿಡಿದೆ. "ಇದು ಅದರಾಗೆ ಇರ್ಬೇಕಿತ್ತು. ನನಗೆ ತಿಳೀಲಿಲ್ಲ. ನಿಮಗೆ ಕೊಡ್ಬೇಕು ಅಂತ ಬಿಚ್ಕಂಡು ಬಂದೆ. ತಪ್ಪು ಅಂತ ಗೊತ್ತಾದ ಮ್ಯಾಲೆ ಕಂಡೇ ಇಲ್ಲ ಅಂದೆ."

ಅವರು ತೆಗೆದುಕೊಂಡರು. ಸುತ್ತಿದ ಬಟ್ಟೆ ಬಿಚ್ಚಿ ನೋಡಿ, ಹಣೆಗೆ ಮುಟ್ಟಿಸಿ, ಮತ್ತೆ ಸುತ್ತಿದರು. ನನ್ನನ್ನು ಬೈಯುತ್ತಾರೆಂದು ಕಾದೆ.

"ದಡ್ಡ," ಎಂದರು. "ಕೇಳ್ಬೇಕಿತ್ತು. ಹೋಗಿ ನಮ್ಮ ಅಯ್ಯನೋರ್ನ ಕರ್ಕಂಡ್ ಬಾ."

ಅವರ ಮಠದ ಅಯ್ಯನವರು ಬಂದು ಮೊರವನ್ನು ನೋಡಿದರು. ತಾಯಿ ಹೇಳಿದ್ದನ್ನೆಲ್ಲ ಕೇಳಿದರು. ನನ್ನನ್ನು ಎರಡು ಮಾತು ಕೇಳಿದರು. ಹೇಳಿದೆ. "ಆಗಬಹುದು. ಇದಕ್ಕೇ ಮಣ್ಣು ಕೊಡೋಣ," ಎಂದರು.

ಗದ್ದೆಯ ಮೇಲ್ಗಡೆ, ಅವರ ಮನೆಯವರಿಗೆ ಮಣ್ಣು ಕೊಡುವ ಜಾಗದಲ್ಲಿ ನಾನು ಗುಂಡಿ ತೋಡಿದೆ. ಆಳೊಬ್ಬನನ್ನು ಕರೆಯುತ್ತೇವೆಂದರು, ಬೇಡವೆಂದೆ. ತಾಯಿ ಮೊರದ ಮುಂದೆ ಕೂತು ಎಡದಿಂದ ಮೂರನೆಯ ಗುಂಡಿಗೆ ಬೆರಳು ಹಾಕಿದರು. ಲಿಂಗ ನೆಲ್ಲಿಕಾಯಿಯಷ್ಟು. ದಬ್ಬಳದ ತೂತಿನಲ್ಲಿ ಹಿಡಿಸುವುದಲ್ಲ. ಅವರು ಬಗೆದರು. ಕಾಗದ ಮೆಂತ್ಯದ ದಿಬ್ಬ ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದರು. ನನ್ನ ಅಳತೆಯಲ್ಲಿ ಅದು ಹನ್ನೆರಡು ಹೆಜ್ಜೆ ಅಗಲದ ಗುಂಡಿ. ಅಕ್ಕಪಕ್ಕದ ಎರಡು ಗುಂಡಿಗಳೂ ಅದರೊಳಕ್ಕೆ ಬಿದ್ದವು. ಲಿಂಗವನ್ನು ಅದರಲ್ಲಿಟ್ಟು, ಕೆಮ್ಮಣ್ಣನ್ನು ಅಂಗೈಯಿಂದ ಎಳೆದು ಮುಚ್ಚಿದರು. ಹೊಳೆಯ ಅಂಚಿನಲ್ಲಿದ್ದ ನನ್ನ ಕಾಳನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಇದು ಬ್ಯಾಡ. ನೀನು ಬಂದೀಯಲ್ಲ."

ಮೊರವನ್ನು ಕೆಳಗಿಳಿಸಿ ಮಣ್ಣು ಕೊಟ್ಟೆವು.

ಮರುದಿನ ಹೊರಡುವಾಗ ಬಿಳಿ ಬಟ್ಟೆಯನ್ನು ಮಡಿಚಿ ನನ್ನ ಹೆಗಲ ಮೇಲೆ ಹಾಕಿದರು. ಕೆಮ್ಮಣ್ಣಿನ ಕಲೆ ಅಲ್ಲಲ್ಲಿ ಇತ್ತು.

"ನಿನ್ನ ಅಳತೆಗೆ ಹೊಲ್ಕ."

ಅಂಗಡಿಗೆ ಬಂದು ಬಟ್ಟೆ ಹಾಸಿದೆ, ಅಳತೆ ಹಾಕಿದೆ, ಕತ್ತರಿಸಿದೆ. ಅವನ ತೋಳು ನನ್ನದಕ್ಕಿಂತ ಎರಡು ಅಂಗುಲ ಉದ್ದ. ನನ್ನ ಅಳತೆಗೇ ಹೊಲಿದೆ. ಉಳಿದ ಎರಡು ಅಂಗುಲವನ್ನು ಕತ್ತರಿಸದೆ ಒಳಗೆ ಮಡಿಚಿ ಹೊಲಿಗೆ ಹಾಕಿದೆ.