ಶ್ರದ್ಧಾ ಆಡಿದ ಒಂದೇ ಪಂದ್ಯ

ಸಿಡ್ನಿಯ ಗಿರಾವೀನ್‌ನಲ್ಲಿ ನಮ್ಮ ಪಕ್ಕದ ಮನೆಯ ಶ್ರದ್ಧಾ ಆರು ವರ್ಷ ವೃತ್ತಿಪರ ಫುಟ್‌ಬಾಲ್ ಆಟಗಾರ್ತಿಯಾಗಿದ್ದಳು. ಆ ಆರು ವರ್ಷಗಳಲ್ಲಿ ಅವಳು ಆಡಿದ್ದು ಒಂದೇ ಪಂದ್ಯ.

ಹೀಗೆ ಹೇಳಿದರೆ ಕೆಲವರಿಗೆ ನಗು ಬರುತ್ತದೆ. ಅವಳು ಎರಡನೆಯ ಗೋಲ್‌ಕೀಪರ್ ಆಗಿದ್ದಳು. ತಂಡದಲ್ಲಿ ಉಳಿದವರನ್ನು ಆಟದ ನಡುವೆ ಬದಲಿಸುತ್ತಾರೆ, ಆದರೆ ಗೋಲ್‌ಕೀಪರನ್ನು ಪೆಟ್ಟಾಗದ ಹೊರತು ಹೊರಗೆ ಕರೆಯುವುದು ಕಡಿಮೆ. ಎರಡನೆಯವಳು ವಾರವಿಡೀ ಮೊದಲನೆಯವಳಷ್ಟೇ ಬೀಳಬೇಕು, ಏಳಬೇಕು; ಪಂದ್ಯದ ದಿನ ಮಾತ್ರ ಕೈಗವಸು ತೊಟ್ಟು ಬೆಂಚಿನ ಮೇಲೆ ಕೂರಬೇಕು.

ಅವಳ ತಂದೆ ಕಾಂತಪ್ಪ ಉಳ್ಳಾಲದವರು, ಇಲ್ಲಿ ಎಲೆಕ್ಟ್ರಿಷಿಯನ್. ಚಿಕ್ಕಂದಿನಲ್ಲಿ ಮಂಗಳೂರಿನ ಮೈದಾನದಲ್ಲಿ ಬರಿಗಾಲಲ್ಲಿ ಗೋಲು ಕಾದವರು. ಮಗಳಿಗೆ ಎಂಟು ತುಂಬಿದಾಗ ಮನೆಯ ಹಿಂದಿನ ಪಾರ್ಕಿನಲ್ಲಿ ಎರಡು ಬಕೆಟ್ ಇಟ್ಟು ಅವಳತ್ತ ಚೆಂಡು ಒದೆಯತೊಡಗಿದರು. ಮನೆಯಲ್ಲಿ ಅವರದು ತುಳು, ನಾನಿದ್ದರೆ ಕನ್ನಡ.

"ಚೆಂಡಿಗೆ ಹೆದರ್ಬಾರ್ದು ಮಗಾ. ಅದ್ರ ಎದುರೇ ಹೋಗ್ಬೇಕು," ಎನ್ನುತ್ತಿದ್ದರು.

"ಹಲ್ಲು ಮುರಿದ್ರೆ ಎಂತ ಮಾಡುದು?" ಎಂದು ತಾಯಿ ಕುಸುಮಾವತಿ ಬೇಲಿಯ ಬಳಿ ನಿಂತು ಗೊಣಗುತ್ತಿದ್ದರು.

ಇಪ್ಪತ್ತೊಂದನೆಯ ವಯಸ್ಸಿಗೆ ಸಿಡ್ನಿಯ ಒಂದು ಕ್ಲಬ್ಬು ಅವಳನ್ನು ತೆಗೆದುಕೊಂಡಿತು. ಎರಡು ವರ್ಷ ಅಲ್ಲಿಯ ಬೆಂಚು. ಆಮೇಲೆ ಮೆಲ್ಬರ್ನ್‌ನ ಇನ್ನೊಂದು ಕ್ಲಬ್ಬು, ಅವಕಾಶ ಸಿಗುತ್ತದೆಂದು ಹೇಳಿ ಕರೆಯಿತು. ಬೆಳಿಗ್ಗೆ ಚೈಲ್ಡ್‌ಕೇರ್‌ನಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಅಭ್ಯಾಸ, ಇಬ್ಬರು ಜೊತೆಗಾರ್ತಿಯರೊಂದಿಗೆ ಬಾಡಿಗೆ ಮನೆ. ತಿಂಗಳಿಗೊಮ್ಮೆ ಕಾಂತಪ್ಪ ಕೆಲಸದ ವ್ಯಾನಿನಲ್ಲೇ ಒಂಬತ್ತು ಗಂಟೆ ಓಡಿಸಿಕೊಂಡು ಹೋಗಿಬರುತ್ತಿದ್ದರು.

"ಅವಳು ಆಡೋದೇ ಇಲ್ವಲ್ಲ, ಅಷ್ಟು ದೂರ ಹೋಗಿ ಏನ್ ನೋಡ್ತೀರಿ?" ಎಂದು ಒಮ್ಮೆ ಕೇಳಿಬಿಟ್ಟೆ.

"ವಾರ್ಮ್‌ಅಪ್ ನೋಡ್ತೇನೆ. ಅರ್ಧ ಗಂಟೆ ಗೋಲಿನಲ್ಲಿ ಅವಳೂ ಇರ್ತಾಳಲ್ಲ ಗೋಪೀನಾಥರೇ. ಅಷ್ಟು ಉಂಟು."

ಆರನೆಯ ವರ್ಷದ ಫೆಬ್ರುವರಿಯ ಒಂದು ಗುರುವಾರ ಮೊದಲ ಗೋಲ್‌ಕೀಪರಳ ಬೆರಳು ಅಭ್ಯಾಸದಲ್ಲಿ ಮುರಿಯಿತು. ಶ್ರದ್ಧಾ ಫೋನ್ ಮಾಡಿದಳು. ಒಮ್ಮೆಯೂ ಪಂದ್ಯಕ್ಕೆ ಹೋಗದಿದ್ದ ಕುಸುಮಾವತಿಯೂ ಹೊರಟರು. ನನ್ನನ್ನೂ ಎಳೆದುಕೊಂಡು ಹೋದರು.

ಶನಿವಾರ ಮಧ್ಯಾಹ್ನ, ಸುಡುವ ಬಿಸಿಲು. ಹತ್ತನೆಯ ನಿಮಿಷಕ್ಕೆ ಚೆಂಡು ಶ್ರದ್ಧಾಳ ಕೈಯಡಿಯಿಂದ ಜಾರಿ ಗೋಲಾಯಿತು. ಕಾಂತಪ್ಪ ನನ್ನ ತೋಳು ಹಿಡಿದವರು ಬಿಡಲಿಲ್ಲ. ಆದರೆ ಅಲ್ಲಿಂದ ಅವಳು ಕುದುರಿಕೊಂಡಳು. ಅವಳ ತಂಡವೂ ಒಂದು ಗೋಲು ಹೊಡೆದು ಸಮ ಮಾಡಿತು. ದ್ವಿತೀಯಾರ್ಧದಲ್ಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಶ್ರದ್ಧಾ ಎಡಕ್ಕೆ ಹಾರಿ ಚೆಂಡನ್ನು ಹೊರಗೆ ತಳ್ಳಿದಳು. ಕುಸುಮಾವತಿ ಎದ್ದು ನಿಂತು ತುಳುವಿನಲ್ಲಿ ಕೂಗಿದ್ದು ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ.

ಎಪ್ಪತ್ತೆಂಟನೆಯ ನಿಮಿಷ. ಎದುರಾಳಿಯೊಬ್ಬಳು ಒಂಟಿಯಾಗಿ ನುಗ್ಗಿ ಬಂದಳು. ಶ್ರದ್ಧಾ ಗೋಲು ಬಿಟ್ಟು ಮುಂದೆ ಓಡಿ ಅವಳ ಕಾಲಿಗೇ ಬಿದ್ದು ಚೆಂಡು ಹಿಡಿದಳು. ಓಡಿ ಬಂದವಳ ಮೊಣಕಾಲು ಶ್ರದ್ಧಾಳ ಕಣತಲೆಗೆ ಬಡಿಯಿತು. ಅವಳು ಏಳಲಿಲ್ಲ. ತಂಡದ ಫಿಸಿಯೋ ಬಂದು ಅವಳ ತೋಳುಗಳನ್ನು ಬಿಡಿಸಿಯೇ ಚೆಂಡು ತೆಗೆಯಬೇಕಾಯಿತು.

ಸಂಜೆ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು ಕೇಳಿದಳು, "ಪಪ್ಪಾ, ಮ್ಯಾಚ್ ಎಷ್ಟು ಗಂಟೆಗೆ?"

"ಮುಗೀತು ಮಗಾ. ಒಂದು-ಒಂದು."

"ಯಾರು ಆಡಿದ್ರು? ಗೋಲಲ್ಲಿ?"

"ನೀನೇ."

ಅವಳು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಹತ್ತು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದಳು.

ಹೊರಗಿನ ಕುರ್ಚಿಯಲ್ಲಿ ಕಾಂತಪ್ಪ ತಲೆ ತಗ್ಗಿಸಿ ಕುಳಿತರು. "ಎದುರು ಹೋಗು ಅಂತ ಹೇಳಿಕೊಟ್ಟದ್ದು ನಾನೇ ಅಲ್ವಾ ಮಾರಾಯ್ರೆ," ಎಂದರು.

ಆ ಶನಿವಾರ ಅವಳಿಗೆ ಮರಳಿ ಬರಲೇ ಇಲ್ಲ. ಶುಕ್ರವಾರ ರಾತ್ರಿ ಪಾಸ್ತಾ ತಿಂದದ್ದು ನೆನಪಿದೆ; ಅದರ ನಂತರದ್ದು ಆಸ್ಪತ್ರೆಯ ಹಾಸಿಗೆ. ಹಿಂದೆ ಅಭ್ಯಾಸದಲ್ಲಿ ಎರಡು ಸಲ ತಲೆಗೆ ಪೆಟ್ಟಾದದ್ದನ್ನು, ಇರುವ ಜಾಗವೂ ಹೋದೀತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಇನ್ನೊಂದು ಪೆಟ್ಟು ಬಿದ್ದರೆ ಏನಾದೀತೋ ಹೇಳಲಾರೆ, ಆಟ ಸಾಕು ಎಂದರು ಡಾಕ್ಟರು. ಏಪ್ರಿಲ್‌ಗೆ ಕಾಂಟ್ರಾಕ್ಟ್ ಮುಗಿಯಿತು. ಎಲ್ಲರ ಸಹಿ ಇದ್ದ ಜೆರ್ಸಿಯೊಂದಕ್ಕೆ ಗಾಜಿನ ಕಟ್ಟು ಹಾಕಿಸಿ ಕ್ಲಬ್ಬಿನವರು ಅಂಚೆಯಲ್ಲಿ ಕಳಿಸಿದರು. ಕುಸುಮಾವತಿ ಅದನ್ನು ಬೀರುವಿನ ಹಿಂದೆ ಸರಿಸಿಟ್ಟರು.

ಅವಳು ಅಪ್ಪ-ಅಮ್ಮನ ಮನೆಗೆ ಮರಳಿದಳು. ಇಲ್ಲಿ ಚಳಿಗಾಲ ಜೂನ್‌ನಿಂದ; ಆ ಚಳಿಗಾಲವೆಲ್ಲ ಅವಳ ಕೋಣೆಯ ಪರದೆ ಮುಚ್ಚಿಯೇ ಇತ್ತು. ಬೆಳಕು ಬಿದ್ದರೆ ತಲೆ ಸಿಡಿಯುತ್ತಿತ್ತು. ಪಂದ್ಯದ ವಿಡಿಯೋ ಕಾಂತಪ್ಪನವರ ಫೋನಿನಲ್ಲಿತ್ತು. ಅವರು ವ್ಯಾನಿನೊಳಗೆ ಕೂತು ನೋಡುತ್ತಿದ್ದದ್ದನ್ನು ನಾನೇ ಎಷ್ಟೋ ಸಲ ಕಂಡಿದ್ದೆ. ಅವಳು ಮಾತ್ರ ತಲೆ ಸ್ವಲ್ಪ ಹಗುರಾದ ಮೇಲೂ ನೋಡಲು ಒಪ್ಪಲಿಲ್ಲ.

ಆಗಸ್ಟಿನ ಒಂದು ಭಾನುವಾರ ಅವರ ಹಿತ್ತಲಲ್ಲಿ ಚಹಾ ಕುಡಿಯುತ್ತಿದ್ದೆವು. ಶ್ರದ್ಧಾ ಕಪ್ಪು ಕನ್ನಡಕ ಹಾಕಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

"ಪಪ್ಪಾ, ಟೆಲ್ ಮಿ. ವಿಡಿಯೋ ಬೇಡ. ನೀವೇ ಹೇಳಿ."

ಕಾಂತಪ್ಪ ವಾರ್ಮ್‌ಅಪ್‌ನಿಂದಲೇ ಶುರು ಮಾಡಿದರು. ಮೊದಲ ಗೋಲನ್ನು ಹಾರಿಸಿ ಮುಂದೆ ಹೋದಾಗ ಕುಸುಮಾವತಿ, "ಅದನ್ನೂ ಹೇಳಿ," ಎಂದರು. ಅದನ್ನೂ ಹೇಳಿದರು. ಪೆನಾಲ್ಟಿಗೆ ಬಂದಾಗ ಎದ್ದು ನಿಂತು, ಕೈ ಚಾಚಿ, ಎಡಕ್ಕೆ ಬಾಗಿ ತೋರಿಸಿದರು. ಶ್ರದ್ಧಾ ಬೇರೆ ಯಾರದೋ ಸುದ್ದಿ ಕೇಳುವಂತೆ ಕೇಳಿದಳು.

"ವಾಸ್ ಐ ಹ್ಯಾಪಿ?" ಎಂದಳು ಕೊನೆಗೆ.

"ನಮ್ಮ ಕಡೆ ನೋಡಿ ನಗಾಡಿದೆ ಮಗಾ. ಕೈ ಎತ್ತಿದೆ," ಎಂದರು ಕಾಂತಪ್ಪ.

ಅವಳು ನಮ್ಮ ಕಡೆ ನೋಡಿರಲಿಲ್ಲ. ಪೆನಾಲ್ಟಿ ತಡೆದ ಮರುಕ್ಷಣವೇ ಎದ್ದು, ಜಾಗ ಹಿಡಿಯಿರೆಂದು ಜೊತೆಗಾರ್ತಿಯರಿಗೆ ಕೂಗುತ್ತಿದ್ದಳು. ನಾನು ಚಹಾದ ಕಪ್ಪು ಕೆಳಗಿಟ್ಟೆ. ಅವಳು ಕನ್ನಡಕ ತೆಗೆದು ತುಂಬಾ ಹೊತ್ತು ಅತ್ತಳು. ತಾಯಿ ಪಕ್ಕದಲ್ಲಿ ಕೂತು ಬೆನ್ನು ಸವರಿದರು.

ಈಗ ಅವಳಿಗೆ ಇಪ್ಪತ್ತೊಂಬತ್ತು. ಮಕ್ಕಳ ಗಲಾಟೆ ತಲೆಗೆ ಆಗದೆ ಚೈಲ್ಡ್‌ಕೇರ್ ಬಿಟ್ಟು, ಕೆಲ್ಲಿವಿಲ್ ಕಡೆಯ ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸದಲ್ಲಿದ್ದಾಳೆ. ಶನಿವಾರ ನಮ್ಮ ಪಾರ್ಕಿನಲ್ಲಿ ಮಕ್ಕಳ ಪಂದ್ಯಗಳು ನಡೆಯುತ್ತವೆ, ಸೀಟಿಯ ಸದ್ದು ಅವರ ಅಡುಗೆಮನೆಯವರೆಗೂ ಕೇಳುತ್ತದೆ. ಆ ದಿನ ರಜೆ ಬೇಡವೆಂದು ಅವಳೇ ಕೇಳಿಕೊಂಡಿದ್ದಾಳಂತೆ.