ಸ್ಟಾಫ್‌ರೂಮಿನ ಪ್ರಶ್ನೆ ಡಬ್ಬ

ನಾನು ಬೋಗಾದಿಯ ಶಾಲೆಯೊಂದರಲ್ಲಿ ವಿಜ್ಞಾನದ ಮಿಸ್ಸು. ನಮ್ಮಲ್ಲಿ ಲೈಂಗಿಕ ಶಿಕ್ಷಣವೆಂದರೆ ಹತ್ತನೇ ತರಗತಿಯ ಹುಡುಗಿಯರಿಗೆ ಡಾಕ್ಟರಮ್ಮನ ಒಂದು ಗಂಟೆ ಭಾಷಣ. ಅಷ್ಟು ಹೊತ್ತು ಹುಡುಗರನ್ನು ಮೈದಾನಕ್ಕೆ ಅಟ್ಟುತ್ತಿದ್ದೆವು. ಅವರು ಖೋ ಖೋ ಚೆನ್ನಾಗಿ ಕಲಿತರು.

ಇದು ಸಾಲದೆಂದು, ಮಕ್ಕಳು ಹೆಸರು ಹಾಕದೆ ಪ್ರಶ್ನೆ ಬರೆದು ಹಾಕಲಿ ಅಂತ ಒಂದು ಡಬ್ಬ ತಂದೆ. "ನಮ್ಮ ಕಣ್ಮುಂದೇನೇ ಇರ್ಲಿ ಕಣ್ರೀ" ಎಂದು ಹೆಡ್‌ಮಿಸ್ಸು ಅದನ್ನು ಸ್ಟಾಫ್‌ರೂಮಿನಲ್ಲಿ ಇಡಿಸಿದರು. ಮಕ್ಕಳು ಅಲ್ಲಿಗೆ ಯಾಕೆ ಬರುತ್ತವೆ?

ತಿಂಗಳಾದ ಮೇಲೆ ತೆಗೆದರೆ ಒಳಗೆ ಏಳು ಚೀಟಿ, ಎಲ್ಲ ಕೆಂಪು ಇಂಕಿನಲ್ಲಿ. ಮಕ್ಕಳಿಗೆ ಕೆಂಪು ಪೆನ್ನು ಮುಟ್ಟಲು ನಾವೇ ಬಿಡುವುದಿಲ್ಲ.

ಒಂದರಲ್ಲಿ, "ಬೇಡ ಅನ್ನಿಸಿದ ದಿನ ಗಂಡನಿಗೆ ಬೇಡ ಅನ್ನಬಹುದಾ?" ಎಂದಿತ್ತು. ಅದೇ ಕೈಬರಹದಲ್ಲಿ ಹೆಡ್‌ಮಿಸ್ಸು ನನ್ನ ರಜೆ ಅರ್ಜಿಗಳ ಮೇಲೆಲ್ಲ 'ಆಗುವುದಿಲ್ಲ' ಎಂದು ಬರೆಯುತ್ತ ಬಂದಿದ್ದಾರೆ.