ಸುಣ್ಣ ಬಳಿದ ಕಲ್ಲು

ತಲೆಯ ಮೇಲೆ ಹೊಲದ ಮಣ್ಣು ಹೊತ್ತು ನಡೆದವರ ಕಾಲು ಗಡಿ ಬಂದಲ್ಲಿ ತಾನಾಗಿ ನಿಲ್ಲುತ್ತದೆ ಎಂದು ನಂಬುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಸುಳ್ಳೇಕೆ, ಈಗಲೂ ಉರಿಯುತ್ತದೆ. ಹಗರಿಬೊಮ್ಮನಹಳ್ಳಿಯಲ್ಲಿ ಪರವಾನಗಿ ಪಡೆದ ಭೂಮಾಪಕನಾಗಿ ತಲೆ ಹಣ್ಣಾದವನು ನಾನು. ಆದರೂ ಕೆಲವು ವರ್ಷಗಳ ಹಿಂದೆ ಹಂಪಸಾಗರದ ಕಡೆಯ ಒಂದು ಹೊಲದಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ನಗುವುದಾದರೆ ನಗಿ.

ನಮ್ಮ ಕೆಲಸದ ಬುಡದಲ್ಲೇ ಒಂದು ಗೃಹೀತವಿದೆ. ಯಾವುದಾದರೂ ಒಂದು ಗಡಿಕಲ್ಲು ಇದ್ದಲ್ಲೇ ಇದೆ ಎಂದು ಒಪ್ಪಿಕೊಂಡು ಅಲ್ಲಿಂದ ಟೇಪು ಹಿಡಿಯುತ್ತೇವೆ. ಎಲ್ಲ ಕಲ್ಲನ್ನೂ ಅನುಮಾನಿಸುತ್ತ ಕೂತರೆ ಅಳೆಯಲು ನಿಲ್ಲುವುದೆಲ್ಲಿ? ಆದರೆ ಅದು ಬರೀ ಒಪ್ಪಿಕೊಂಡದ್ದು ಎನ್ನುವುದನ್ನು ಮರೆಯಬಾರದು. ಇನ್ನೆರಡು ಕಲ್ಲಿನಿಂದ ಅಳೆದು ತಾಳೆ ನೋಡಬೇಕು. ಅಂದು ನಾನು ನೋಡಲಿಲ್ಲ.

ಅರ್ಜಿ ಹಾಕಿದ್ದ ಬಸವರಾಜಪ್ಪ ತನ್ನ ಹೊಲದ ಮೂಲೆಯಲ್ಲಿ ಸುಣ್ಣ ಬಳಿದ ಕಲ್ಲೊಂದನ್ನು ತೋರಿಸಿದ. ಇಸ್ತ್ರಿ ಅಂಗಿ, ಮಾತಿನ ಗತ್ತು ನೋಡಿ ಇಂಥವನು ಸುಳ್ಳು ಹೇಳಲಾರ ಎಂದುಕೊಂಡೆ. ಬಿಸಿಲೂ ವಿಪರೀತವಿತ್ತು. ಅಲ್ಲಿಂದಲೇ ಅಳೆದು ಬಾವುಟ ನೆಟ್ಟೆ. ಪಕ್ಕದ ಹೊಲದ ದುರುಗವ್ವನ ಕೊಳವೆಬಾವಿ ಬಸವರಾಜಪ್ಪನ ಪಾಲಿಗೆ ಹೋಯಿತು. ಆ ಬಾವಿ ಬಿಟ್ಟರೆ ಅವಳ ಎರಡು ಎಕರೆಗೆ ಬೇರೆ ನೀರಿಲ್ಲ.

ದುರುಗವ್ವನಿಗೆ ಎರಡೂ ಕಣ್ಣು ಕಾಣುವುದಿಲ್ಲ. ಅವಳ ಮೊಮ್ಮಗಳು ಸುಜಾತಾ, ಆಸ್ಪತ್ರೆಯಲ್ಲಿ ನರ್ಸ್, ನನ್ನ ಮೇಲೆ ಹರಿಹಾಯ್ದಳು. ಎರಡೂ ಕಡೆಯವರು ಸೇರಿದರು, ಕೂಗಾಟ ಶುರುವಾಯಿತು. ಬಸವರಾಜಪ್ಪ ನಕ್ಕ.

"ಅಳತಿ ತಪ್ಪು ಅಂದ್ರ ಮುದುಕಿ ಮಣ್ಣು ಹೊತ್ತು ನಡೀಲಿ. ಎಲ್ಲಿ ನಿಂದ್ರತಾಳ ಅಲ್ಲೇ ಹೊಲದ ಹದ್ದು. ಆತೇನು?"

ಕುರುಡಿ ಎಡವಿ ಬೀಳುತ್ತಾಳೆ ಎಂಬ ಧೈರ್ಯ ಅವನದು. ಸುಜಾತಾಳ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ದೇವರಿಲ್ಲ, ಆಣೆ ಮಾಡುವವರೂ ಅಲ್ಲ. "ಬ್ಯಾಡಬೇ ಅಜ್ಜಿ, ಇದೆಲ್ಲಾ ಮೂಢನಂಬಿಕಿ" ಎಂದಳು. ಮುದುಕಿ ಕೇಳಲಿಲ್ಲ. ಒಂದು ಹೆಂಟೆ ಮಣ್ಣು ತಲೆಗೇರಿಸಿಕೊಂಡು ಹೊಲದಲ್ಲೇ ಇದ್ದ ತನ್ನ ಮನೆ ಬಾಗಿಲಿನಿಂದ ಹೊರಟಳು. ನಾನು ದೂರದ ಮೂಲೆಯಲ್ಲಿ ಸುಣ್ಣದ ಕಲ್ಲಿನ ಬಳಿ ಟೇಪು ಹಿಡಿದು, ಈ ಹುಚ್ಚಾಟ ಯಾವಾಗ ಮುಗಿಯುತ್ತದೋ ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಅವಳು ನನ್ನ ಬಾವುಟ ದಾಟಿದಳು, ಬಾವಿಯನ್ನೂ ದಾಟಿದಳು. ಮುಂದೆ ಹದಿನಾಲ್ಕು ಹೆಜ್ಜೆ ಹೋಗಿ ಥಟ್ಟನೆ ನಿಂತಳು. ಅಲ್ಲಿ ಮೊಳದಾಳ ಅಗೆದಾಗ ತಲೆಯ ಮೇಲೆ ಗುರುತು ಕೊರೆದ ಹಳೆಯ ಗಡಿಕಲ್ಲು ಸಿಕ್ಕಿತು. ಈಗ ನಾಚಿಕೆಯಿಂದ ಬೇರೆ ಎರಡು ಕಲ್ಲಿನಿಂದ ಅಳೆದೆ. ಎರಡೂ ಅಳತೆ ಅದಕ್ಕೇ ಬಂದು ಕೂಡಿದವು. ಸುಣ್ಣದ ಕಲ್ಲು ಯಾರೋ ಸರಿಸಿಟ್ಟದ್ದು.

ಇಷ್ಟಕ್ಕೇ ಮುಗಿದಿದ್ದರೆ, ಮುದುಕಿಗೆ ಹಳೆಯ ಹೆಜ್ಜೆ ನೆನಪಿತ್ತು ಎಂದು ಸುಮ್ಮನಾಗುತ್ತಿದ್ದೆ. ಸರಿಯಾಗಿ ಅಲ್ಲೇ ಏಕೆ ನಿಂತೆ ಎಂದು ಕೇಳಿದೆ.

"ನೀವ 'ನಿಂದ್ರು ಯವ್ವಾ' ಅಂತ ಒದರಿದ್ರಲ್ರಿ" ಎಂದಳು.

ನಾನು ಬಾಯಿಯೇ ತೆರೆದಿರಲಿಲ್ಲ. ಹಾಗೆ ಹೇಳಿದರೂ ಯಾರೂ ಒಪ್ಪಲಿಲ್ಲ. ಅಂದು ಯಾವ ಮಾತಿಗೂ ಕೂಡದ ಎರಡು ಕಡೆಯವರೂ ಇದೊಂದಕ್ಕೆ ಕೂಡಿದರು: ದನಿ ನನ್ನದೇ, ಎಲ್ಲರೂ ಕೇಳಿದ್ದಾರೆ. ಬಸವರಾಜಪ್ಪ ನನ್ನ ಕೊರಳಪಟ್ಟಿಗೆ ಕೈ ಹಾಕಿದ. "ಮುದುಕಿ ಕೂಡ ಮೊದಲ ಮಾತಾಡ್ಕೊಂಡು ಬಂದೀಯೇನಲೇ?" ಅಂದಿನಿಂದ ಆ ಕಡೆಯಿಂದ ಯಾರೂ ನನ್ನನ್ನು ಅಳತೆಗೆ ಕರೆದಿಲ್ಲ.

ಮೊನ್ನೆ ಜ್ವರವೆಂದು ಆಸ್ಪತ್ರೆಗೆ ಹೋದಾಗ ಸುಜಾತಾ ಇದ್ದಳು. ಬಾವಿ ಉಳಿಯಿತಲ್ಲ, ಒಂದು ನಗುವಾದರೂ ಸಿಗಬಹುದೆಂದು ಮಾತಾಡಿಸಿದೆ. ಅವಳು ಸೂಜಿ ಚುಚ್ಚಿ, ಹತ್ತಿ ಒತ್ತಿ, ತಣ್ಣಗೆ ಹೇಳಿದಳು:

"ನೀವು ಒದರಿದ್ದು ನಾನ ಕೇಳೀನ್ರಿ. ಅಂದ್ರ ಕಲ್ಲು ಎಲ್ಲೈತಿ ಅಂತ ನಿಮಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಬಾವಿ ಅವನ ಹೊಲಕ್ಕ ಯಾಕ ಹಾಕಿದ್ರಿ?"

ಅವಳ ತರ್ಕದಲ್ಲಿ ಎಲ್ಲೂ ತಪ್ಪಿಲ್ಲ, ನಾನು ಕೂಗಿದೆನೆಂಬ ಮೊದಲ ಕಲ್ಲೊಂದನ್ನು ಬಿಟ್ಟು. ಅದು ಸರಿಯಿಲ್ಲ ಎಂದು ತೋರಿಸಲು ನನ್ನ ಬಳಿ ಇನ್ನೆರಡು ಕಲ್ಲುಗಳಿಲ್ಲ.